ಮುತ್ಯಾನ ವಹಿ, ಟೆಕ್ಸಾಸ್‌ನ ಹೋರಿ

ನನ್ನ ಪರಿಚಯ ಚಿಕ್ಕದು. ಊರು ಅಥಣಿ ತಾಲೂಕಿನ ಕೃಷ್ಣಾ ದಂಡೆಯ ಒಂದು ಹಳ್ಳಿ. ಎಂಟೆಕ್ ಮುಗಿಸಿ 2012ರಲ್ಲಿ ಮುಂಬೈಗೆ ಬಂದೆ. ಮನೆ ಗೋರೆಗಾಂವ್, ಆಫೀಸು ಪವಾಯಿ, ಕೆಲಸ ಡೇಟಾಬೇಸ್. ಇಲ್ಲಿ ನನಗಿಂತ ಮೊದಲು ಮಾತಾಡಿದವರು ಸ್ಟಾರ್ಟಪ್ ಬಗ್ಗೆ, ಮ್ಯಾರಥಾನ್ ಬಗ್ಗೆ, ಹೋಮ್ ಲೋನ್ ಬಗ್ಗೆ ಹೇಳಿದ್ದಾರೆ. ನಾನು ದನದ ಬಗ್ಗೆ ಮಾತಾಡ್ತೀನಿ ಅಂದಾಗ ಆಯೋಜಕರು ಒಂದು ಕ್ಷಣ ಸುಮ್ಮನಾಗಿ, ಆಮೇಲೆ "ಸರ್, ರಾಜಕೀಯ ಬೇಡ" ಅಂದರು. ರಾಜಕೀಯ ಇಲ್ಲ. ಇದು ನಮ್ಮ ಅಜ್ಜನ ವಿಷಯ. ಜೊತೆಗೆ ನಾನು ಫೋನಿನಲ್ಲಿ ಆಡಿದ ಒಂದು ಮಾತಿನ ವಿಷಯ. ಆ ಮಾತು ಹತ್ತು ಸೆಕೆಂಡ್ ಇರಬಹುದು, ಅಷ್ಟೇ.

ಗೋರೆಗಾಂವ್‌ನಿಂದ ಪವಾಯಿಗೆ ಬೈಕಿನಲ್ಲಿ ಹೋಗೋರಿಗೆ ಆರೇ ರೋಡ್ ಗೊತ್ತಿರುತ್ತೆ. ಮಳೆಗಾಲದಲ್ಲಿ ಬೆಳಿಗ್ಗೆ ಎಮ್ಮೆ ಹಿಂಡು ರಸ್ತೆಗೆ ಬಂದರೆ ಮುಗೀತು, ಆಟೋ, ಬಸ್ಸು, ಆಡಿ ಕಾರು ಎಲ್ಲ ನಿಲ್ಲಲೇಬೇಕು. ಬೇರೆಯವರು ಹಾರ್ನ್ ಹೊಡೀತಾರೆ. ನಾನು ಹೆಲ್ಮೆಟ್ಟಿನ ಗಾಜು ಮೇಲೆತ್ತಿ ವಾಸನೆ ತಗೋತೀನಿ. ಸೆಗಣಿ, ಒದ್ದೆ ಹುಲ್ಲು, ಹಿಂಡಿ. ಮುಂಬೈನಲ್ಲಿ ನನ್ನ ಊರು ಇರೋದು ಆ ಎರಡು ನಿಮಿಷದಲ್ಲಿ ಮಾತ್ರ.

ಆರೇ ಕಾಲೋನಿ ಶುರುವಾದದ್ದು 1949ರಲ್ಲಿ. ಅದರ ಹಿಂದಿದ್ದವರು ದಾರಾ ಖುರೋಡಿ. 1963ರ ಮ್ಯಾಗ್ಸೇಸೆ ಪ್ರಶಸ್ತಿ ವರ್ಗೀಸ್ ಕುರಿಯನ್, ತ್ರಿಭುವನದಾಸ್ ಪಟೇಲ್ ಇಬ್ಬರ ಜೊತೆ ಖುರೋಡಿಯವರಿಗೂ ಬಂತು. ಈ ಮೂರನೇ ಹೆಸರು ನಾವು ಮರೆತಿದ್ದೇವೆ. ಅದಕ್ಕೂ ಮೊದಲು ಎಮ್ಮೆಗಳು ಇದ್ದದ್ದು ಊರಿನ ಮಧ್ಯದ ತಬೇಲಾಗಳಲ್ಲಿ. ಪಂಜಾಬ್, ಗುಜರಾತ್ ಕಡೆಯಿಂದ ಒಳ್ಳೊಳ್ಳೆ ಕರಾವಿನ ಎಮ್ಮೆ ಮುಂಬೈಗೆ ಬರೋದು. ಹಾಲು ಇರುವವರೆಗೆ ರಾಜೋಪಚಾರ. ಬತ್ತಿದ ಮೇಲೆ, ಮುಂದಿನ ಕರು ಹಾಕುವವರೆಗೆ ಅದಕ್ಕೆ ಸುಮ್ಮನೆ ಮೇವು ಹಾಕೋದು ತಬೇಲಾದವನಿಗೆ ಗಿಟ್ಟೋದಿಲ್ಲ, ಕಸಾಯಿಖಾನೆಗೆ ಹೋಗೋದು. ಕರುವಿನ ಗತಿಯೂ ಅಷ್ಟೇ. ಅಂದರೆ ಹಳ್ಳಿಯವರು ಆರಿಸಿ ಆರಿಸಿ ಬೆಳೆಸಿದ ಅತ್ಯುತ್ತಮ ಎಮ್ಮೆ ಮುಂಬೈಗೆ ಬಂದು ಒಂದೇ ಸೂಲಿಗೆ ವಂಶ ಸಮೇತ ಮುಗಿದುಹೋಗೋದು. ಈ ಶಹರಕ್ಕೆ ಹಾಲು ಬೇಕಿತ್ತು, ತಳಿ ಬೇಕಿರಲಿಲ್ಲ.

ಇದನ್ನ ಮೊದಲ ಸಲ ಓದಿದಾಗ ನನಗೆ ಮುತ್ಯಾ ನೆನಪಾದ.

ನಮ್ಮ ಕಡೆ ಅಜ್ಜನಿಗೆ ಮುತ್ಯಾ ಅಂತೀವಿ, ಅಜ್ಜಿಗೆ ಆಯಿ. ಮುತ್ಯಾ ಹುಟ್ಟಿದ್ದು 1931ರ ಹೊತ್ತಿಗೆ. ಆಗ ಅಥಣಿ ಮುಂಬೈ ಪ್ರಾಂತ್ಯದಲ್ಲೇ ಇತ್ತು, 1956ರ ನವೆಂಬರ್‌ನಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಹಾಗಾಗಿ ನಾನು ಮುಂಬೈಗೆ ಹೊರಟಾಗ ಮುತ್ಯಾ ನಕ್ಕು "ಹೋಗು, ನಮ್ದ ರಾಜ್ಯ ಅದು" ಅಂದಿದ್ದ. ಓದಿದ್ದು ಮೂರನೇ ಇಯತ್ತೆ. ಇದ್ದದ್ದು ಹದಿನಾಲ್ಕು ಎಕರೆ ಎರಿ ಹೊಲ. ಊರವರಿಗೆ ಅವನು ಗೊತ್ತಿದ್ದದ್ದು ಹೊಲದಿಂದಲ್ಲ, ಹೋರಿಯಿಂದ. ಸುತ್ತ ಹತ್ತು ಹಳ್ಳಿಯವರು ಆಕಳು ಬೆದೆಗೆ ಬಂದರೆ ನಮ್ಮ ಮನೆ ಮುಂದೆ ಹೊಡೆದುಕೊಂಡು ಬರೋರು. ದುಡ್ಡು ತಗೋತಿರಲಿಲ್ಲ. ಒಂದು ಹೊರೆ ಕಣಿಕಿ ಅಥವಾ ಎರಡು ಸೇರು ಹತ್ತಿಕಾಳು ತಂದು ಹೋರಿ ಮುಂದೆ ಇಡೋರು, ಅಷ್ಟೇ.

ಎರಿ ಹೊಲ ನೋಡದವರಿಗೆ ಒಂದು ಮಾತು ಹೇಳಬೇಕು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ನಡುವಿನ ಕಪ್ಪು ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಾಲು ಸಿಕ್ಕಿಕೊಳ್ಳೋ ಹಾಗೆ ಆಗುತ್ತೆ, ಮಳೆ ಬಿದ್ದರೆ ಗೋಂದಿನ ಹಾಗೆ ಅಂಟುತ್ತೆ. ಕರಿಕಿ ಬೇರು ಕೀಳೋದಕ್ಕೆ ದೊಡ್ಡ ರಂಟಿ ಹೊಡೀಬೇಕಾದರೆ ನಾಲ್ಕು ಜೋಡಿ, ಕೆಲವು ಸಲ ಆರು ಜೋಡಿ ಎತ್ತು ಹೂಡೋರು. ಅಲ್ಲಿ ಓಡೋ ಎತ್ತು ಉಪಯೋಗವಿಲ್ಲ, ಎಳೆಯೋ ಎತ್ತು ಬೇಕು. ನಿಧಾನ, ಭಾರ, ಸಮಾಧಾನ. ಮುತ್ಯಾ ಹೋರಿ ಆರಿಸುವಾಗ ಕೋಡು, ಬಣ್ಣ ನೋಡೋದು ಕೊನೆಗೆ. ಮೊದಲು ಗೊರಸು. "ಕೆಸರಾಗ ಕಾಲು ಎತ್ತಿ ಇಡೂದು ನೋಡಬೇಕು. ಮಾರಿ ಎಲ್ಲಾರೂ ನೋಡ್ತಾರ" ಅಂತಿದ್ದ. ಎರಡನೆಯದು ಸಿಟ್ಟು. ಎಷ್ಟೇ ಚಂದದ ಹೋರಿಯಾದರೂ ಮಕ್ಕಳ ಮೇಲೆ ಹಾಯ್ದರೆ ಮಾರಿಬಿಡೋನು, ಅದರ ಕರುಗಳನ್ನೂ ಇಟ್ಟುಕೊಳ್ತಿರಲಿಲ್ಲ. ಸುಳಿ ನೋಡ್ತಿದ್ದ ಅನ್ನೋದನ್ನೂ ಹೇಳಿಬಿಡ್ತೀನಿ. ನಾನು ಎಂಜಿನಿಯರಿಂಗ್ ಓದುವಾಗ ಅದರ ಬಗ್ಗೆ ವಾದ ಮಾಡಿದೆ. "ಸುಳಿ ಕೆಟ್ಟದ್ದಿದ್ರ ಗಿರಾಕಿ ಬರೂದಿಲ್ಲ, ಅದಕ್ಕ ನೋಡ್ತೀನಿ" ಅಂದ. ಅಲ್ಲಿಗೆ ನನ್ನ ವಿಜ್ಞಾನ ಮುಗೀತು.

ಅವನ ಒಂದೇ ಜಂಬ ಅಂದರೆ ಕಾರ ಹುಣ್ಣಿಮೆ. ಆ ದಿನ ಕೋಡಿಗೆ ಬಣ್ಣ, ಮೈಮೇಲೆ ಜೂಲಾ, ಊರಗಸಿಯಲ್ಲಿ ಕರಿ ಹರಿಯೋದು. ಮಾಘದಲ್ಲಿ ಚಿಂಚಲಿ ಮಾಯಕ್ಕನ ಜಾತ್ರೆ. ಅಲ್ಲಿ ದನದ ವ್ಯಾಪಾರ ಟವೆಲ್ ಕೆಳಗೆ. ದಲಾಲಿ ಬೆರಳು ಹಿಡಿದು ರೇಟು ಹೇಳ್ತಾನೆ, ಮಾಲೀಕ ಬೆರಳು ಹಿಡಿದು ಇಲ್ಲ ಅಂತಾನೆ, ಪಕ್ಕದಲ್ಲಿ ನಿಂತವನಿಗೆ ಏನೂ ಗೊತ್ತಾಗಲ್ಲ. ನಾನು ಆರು ವರ್ಷದವನಿದ್ದಾಗ ನನ್ನ ಕೈಯನ್ನ ಟವೆಲ್ ಕೆಳಗೆ ಇಟ್ಟುಕೊಂಡು ಕಲಿಸಿದ್ದ. ಅವನ ಬೆರಳು ಹಗ್ಗದ ಹಾಗೆ ಇತ್ತು.

ಇಲ್ಲಿಯವರೆಗೆ ಕೇಳಿದರೆ ದೊಡ್ಡ ಮನುಷ್ಯನ ಕಥೆ ಅನಿಸುತ್ತೆ. ಆಯಿ ಹತ್ತಿರ ಕೇಳಿದರೆ ಬೇರೆ ಕಥೆ. ಹೆಸರು ಮುತ್ಯಾನದು, ಸೆಗಣಿ ಬಳಿದದ್ದು, ಮೇವು ಹೊತ್ತದ್ದು, ಕರು ಹಾಕುವ ರಾತ್ರಿ ಕಂದೀಲು ಹಿಡಿದು ಕೂತದ್ದು ಆಯಿ. 1972ರ ಬರ ನಿಮ್ಮ ಮನೆಯ ಹಿರಿಯರಿಗೆ ನೆನಪಿರುತ್ತೆ. ಆ ವರ್ಷ ಕಣಿಕಿ ಬಂಗಾರದ ಬೆಲೆಗೆ ಹೋಯಿತು. ಬಂಗಾರದ ಬೆಲೆ ಅನ್ನೋದು ನಮ್ಮ ಮನೆಯಲ್ಲಿ ಬರೀ ಮಾತಲ್ಲ. ಮುತ್ಯಾ ಆಯಿಯ ಬೋರಮಾಳ ಮಾರಿ ಮೇವು ತಂದ. ಎತ್ತು ಮಾರಿದ, ಎಳೆಗರು ಮಾರಿದ. ಎರಡು ಆಕಳು, ಒಂದು ಹೋರಿ ಮಾತ್ರ ಉಳಿಸಿಕೊಂಡ. ಅದೇ ವರ್ಷ ದೊಡ್ಡ ಅತ್ತಿಯ ಸಾಲಿ ಬಿಡಿಸಿದರು. ಆಕೆ ಈಗಲೂ ನನ್ನ ಲ್ಯಾಪ್‌ಟಾಪ್ ಮುಟ್ಟಿ ನೋಡಿ "ನಾ ಓದಿದ್ರ ನಿನ್ನಕಿಂತ ಶಾಣ್ಯಾ ಆಗ್ತಿದ್ದೆ" ಅಂತಾಳೆ. ತಮಾಷೆ ಅಲ್ಲ, ನಿಜ ಅದು. ಆಯಿ ಬೋರಮಾಳದ ವಿಷಯ ಕೊನೆಯವರೆಗೂ ಬಿಡಲಿಲ್ಲ. "ನಿಮ್ಮ ಮುತ್ಯಾಗ ಮಕ್ಕಳು ಐದು, ಅದರಾಗ ಮೂರು ನನ್ನ ಹೊಟ್ಟ್ಯಾಗ ಹುಟ್ಟಿದ್ದು" ಅನ್ನೋಳು. ಉಳಿದೆರಡು ಗೋದಲಿಯಲ್ಲಿ.

ನಮ್ಮಪ್ಪ ಸಾಲಿ ಮಾಸ್ತರ ಆದರು, ದನದ ಹತ್ತಿರ ಹೋಗಲಿಲ್ಲ. ಕಾಕಾ ಊರಲ್ಲಿ ಉಳಿದ. ಎಂಬತ್ತರ ದಶಕದಲ್ಲಿ ಟ್ರ್ಯಾಕ್ಟರ್ ಬಂತು, ಆಮೇಲೆ ನೀರಾವರಿ ಬಂತು, ಜೋಳ ಹೋಗಿ ಕಬ್ಬು ಬಂತು. ಜೋಳ ಹೋದಮೇಲೆ ಕಣಿಕಿ ಹೋಯಿತು. ಕಬ್ಬಿನ ಗಾಡಿಗೆ ಜನ ಕಿಲಾರಿ ಎತ್ತು ತಂದರು, ಅವು ಚುರುಕು. ನಾಲ್ಕು ಜೋಡಿ ಹೂಡುವ ರಂಟಿಯೇ ಇಲ್ಲದ ಮೇಲೆ ನಮ್ಮ ಭಾರದ ಎತ್ತು ಯಾರಿಗೆ ಬೇಕು? ಮುತ್ಯಾನ ಹೋರಿ 2009ರಲ್ಲಿ ಸತ್ತಿತು. ಹೊಸದು ತರಲಿಲ್ಲ. ಉಳಿದದ್ದು ಗಂಗಿ ಅನ್ನೋ ಒಂದೇ ಆಕಳು, 2006ರಲ್ಲಿ ಹುಟ್ಟಿದ್ದು.

ಈಗ ಆ ಫೋನ್ ವಿಷಯ.

2016ರ ಒಂದು ಮಧ್ಯಾಹ್ನ. ಪ್ರೊಡಕ್ಷನ್‌ನಲ್ಲಿ ಏನೋ ಬಿದ್ದಿತ್ತು, ಕಾಲ್‌ನಲ್ಲಿ ಹದಿನೇಳು ಜನ. ಕಾಕಾನ ಫೋನು ಮೂರು ಸಲ ಬಂತು. ಮ್ಯೂಟ್ ಮಾಡಿ ಎತ್ತಿದೆ.

"ತಮ್ಮಾ, ಗಂಗಿ ಬೆದಿಗೆ ಬಂದೈತಿ. ಡಾಕ್ಟರ್ ಬಂದಾರ. ಎಚ್‌ಎಫ್ ಐತಿ ಅಂತಾರ. ಇಲ್ಲಾಂದ್ರ ಹೊಳಿ ಆಚಿ ಒಂದು ಜವಾರಿ ಹೋರಿ ಐತಂತ, ಒಯ್ಯಾಕ ಟೆಂಪೋ ಬೇಕು. ಮುತ್ಯಾ ಮಾತಾಡವಲ್ಲ. ಏನ್ ಮಾಡೂಣು?"

ನನ್ನನ್ನ ಯಾಕೆ ಕೇಳಿದ ಅಂದರೆ ಮೇವಿನ ದುಡ್ಡು ನಾನು ಕಳಿಸ್ತಿದ್ದೆ. ಬೆದೆ ಅನ್ನೋದು ಅರ್ಧ ದಿನದ ಮಾತು, ಅಷ್ಟರಲ್ಲಿ ಆಗಬೇಕು, ಇಲ್ಲಾಂದರೆ ಇನ್ನೂ ಮೂರು ವಾರ ಕಾಯಬೇಕು. ನಾನು ಹೇಳಿದೆ:

"ಕಾಕಾ, ಯಾವ್ದು ಹಾಲು ಜಾಸ್ತಿ ಕೊಡ್ತೈತೋ ಅದನ್ನ ಮಾಡ್ರಿ. ನಾ ಮೀಟಿಂಗ್‌ನಾಗ ಅದೀನಿ."

ಅಷ್ಟೇ. ಡಾಕ್ಟರು ನೈಟ್ರೋಜನ್ ಕ್ಯಾನಿನಿಂದ, ಮೈನಸ್ 196 ಡಿಗ್ರಿಯಲ್ಲಿಟ್ಟಿದ್ದ ಒಂದು ಕಡ್ಡಿ ತೆಗೆದರು, ಇಂಜೆಕ್ಷನ್ ಆಯ್ತು. ನಮ್ಮ ಪ್ರೊಡಕ್ಷನ್ ಸಮಸ್ಯೆಯೂ ಸಂಜೆಗೆ ಬಗೆಹರಿಯಿತು. ಅದು ಏನಾಗಿತ್ತು ಅಂತ ಈಗ ನೆನಪೂ ಇಲ್ಲ.

2017ರ ಬೇಸಿಗೆಗೆ ಕರು ಹುಟ್ಟಿತು, ಹೆಣ್ಣು, ಕಪ್ಪು-ಬಿಳಿ. ನಾನು ರಜೆಗೆ ಹೋಗಿದ್ದೆ. ಮುತ್ಯಾನ ಕಣ್ಣಿಗೆ ಪೊರೆ ಬಂದು ಪೂರ್ತಿ ಕಾಣ್ತಿರಲಿಲ್ಲ. ಕರುವಿನ ಪಕ್ಕ ಕೂತು ಕೈಯಿಂದ ನೋಡಿದ. ಗೊರಸು ಮುಟ್ಟಿದ, ಕಿವಿ ಮುಟ್ಟಿದ, ಬೆನ್ನ ಮೇಲೆ ಕೈ ಎಳೆದುಕೊಂಡು ಬಂದು ಹೆಗಲ ಹತ್ತಿರ ನಿಲ್ಲಿಸಿದ. ಅಲ್ಲಿ ಡುಬ್ಬ ಇರಬೇಕಿತ್ತು. ಒಂದೆರಡು ಸಲ ಅಲ್ಲೇ ಸವರಿದ. ಬೈಯಲಿಲ್ಲ. "ಏನ್ ಹೆಸರು ಇಡ್ತೀರಿ?" ಅಂತ ಕೇಳಿದ. ಕಾಕಾನ ಮಗಳು, ಆಗ ಎಂಟು ವರ್ಷದವಳು, "ಅಣ್ಣ ಮುಂಬೈದಿಂದ ಹೇಳಿದ್ದಲ್ಲ, ಮುಂಬೈ ಅಂತ ಇಡೂಣು" ಅಂದಳು. ಹಾಗಾಗಿ ನಮ್ಮ ಮನೆಯ ಆಕಳಿನ ಹೆಸರು ಮುಂಬೈ. ಕಾಕಾ ಫೋನ್ ಮಾಡಿ "ಮುಂಬೈಗೆ ಜ್ವರ ಬಂದೈತಿ", "ಮುಂಬೈ ಹನ್ನೆರಡು ಲೀಟರ್ ಕೊಡ್ತೈತಿ" ಅಂದರೆ ನನ್ನ ಹೆಂಡತಿಗೆ ಈಗಲೂ ನಗು.

ಅದೇ ವರ್ಷ ದೀಪಾವಳಿ ಮುಗಿದ ಮೇಲೆ ಮುತ್ಯಾ ಹೋದ.

2018ರ ಮಾರ್ಚ್‌ನಲ್ಲಿ ನನಗೆ ಆರು ವಾರ ಹ್ಯೂಸ್ಟನ್‌ನಲ್ಲಿ ಆನ್‌ಸೈಟ್ ಬಂತು. ಅಲ್ಲಿ ಪ್ರತಿ ವರ್ಷ ಆ ಹೊತ್ತಿಗೆ ಲೈವ್‌ಸ್ಟಾಕ್ ಶೋ ಅಂಡ್ ರೋಡಿಯೋ ನಡೆಯುತ್ತೆ, 1932ರಿಂದ ಇದೆ. ಟೀಮಿನವರು ಹಾಡಿನ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋದರು. ನಾನು ದಾರಿ ತಪ್ಪಿ ದನದ ಕಡೆ ಹೋದೆ. ದಾರಿ ತಪ್ಪಿ ಅಂತ ಹೇಳಿದ್ದು ಟೀಮಿನವರಿಗೆ.

ಅಲ್ಲಿ ನಿಂತಿತ್ತು. ಬೂದು-ಬಿಳಿ ಮೈ, ಹೆಗಲು ಮತ್ತು ತೊಡೆ ಕಡೆ ಕಪ್ಪು ಛಾಯೆ, ಡುಬ್ಬ, ಕೊರಳಿನಿಂದ ಜೋತುಬಿದ್ದ ಗಂಗೆದೊಗಲು, ಆ ನಿಧಾನದ ಕಣ್ಣು. ಹದಿನೈದು ಸಾವಿರ ಕಿಲೋಮೀಟರ್ ದೂರದಲ್ಲಿ ನಮ್ಮ ಕೊಟ್ಟಿಗೆಯ ಹೋರಿ. ಕಿವಿ ಉದ್ದ, ಮೈ ಇನ್ನೂ ದುಂಡಗೆ, ತಿಂದು ಬೆಳೆದದ್ದು. ಆದರೂ ನೋಡಿದ ಕೂಡಲೇ ಗಂಟಲು ಕಟ್ಟಿತು. ಅದರ ಹೆಸರು ಅಮೆರಿಕನ್ ಬ್ರಾಹ್ಮನ್.

ಪಕ್ಕದಲ್ಲಿ ಎಪ್ಪತ್ತು ದಾಟಿದ ಒಬ್ಬ ಮುದುಕರು ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರ ಮಗ ಹಗ್ಗ ಹಿಡಿದಿದ್ದ, ಮೊಮ್ಮಗಳು ಹೋರಿಯ ಬಾಲ ಬಾಚುತ್ತಿದ್ದಳು. ಮೂರು ತಲೆಮಾರು ಇದೇ ಕೆಲಸ ಅಂದರು. ನಾನು ಭಾರತದವನು, ನಮ್ಮಜ್ಜನೂ ಇದೇ ಕೆಲಸ ಅಂದಾಗ ಎದ್ದು ನಿಂತು ಕೈ ಕೊಟ್ಟರು. ಆ ಕೈಯೂ ಹಗ್ಗದ ಹಾಗೆ ಇತ್ತು. ಆಮೇಲೆ ಹೋರಿಯ ಕಾಗದ ತೋರಿಸಿದರು. ತಂದೆ, ತಾಯಿ, ಅಜ್ಜ, ಮುತ್ತಜ್ಜ, ಎಲ್ಲದಕ್ಕೂ ನೋಂದಣಿ ನಂಬರು. ಅವರ ತಳಿಗಾರರ ಸಂಘ ಹ್ಯೂಸ್ಟನ್‌ನಲ್ಲೇ 1924ರಲ್ಲಿ ಶುರುವಾದದ್ದು, ಆವತ್ತಿನಿಂದ ವಂಶಾವಳಿ ಇಟ್ಟಿದ್ದಾರೆ. ನಾಲ್ಕು ಭಾರತೀಯ ತಳಿಗಳ ರಕ್ತ ಇದರಲ್ಲಿದೆ ಅಂತ ಬೆರಳು ಮಡಚಿ ಹೇಳಿದರು: ಗುಜರಾತಿನ ಕಾಂಕ್ರೇಜ್, ಗಿರ್, ನೆಲ್ಲೂರಿನ ಓಂಗೋಲ್. ನಾಲ್ಕನೆಯದು ಅವರ ಬಾಯಲ್ಲಿ "ಕ್ರಿಸ್ನಾ ವ್ಯಾಲಿ".

ಕೃಷ್ಣಾ ವ್ಯಾಲಿ. ಮುತ್ಯಾ ಆ ಹೆಸರನ್ನ ಒಂದು ಸಲವೂ ಹೇಳಿದ್ದು ನಾನು ಕೇಳಿಲ್ಲ. ಅವನಿಗೆ ಅದು "ನಮ್ಮ ಜವಾರಿ", ಅಷ್ಟೇ.

ಮುದುಕರು ಕೇಳಿದರು, ಮೂಲ ತಳಿ ನಿಮ್ಮ ಊರಲ್ಲಿ ಇನ್ನೂ ಇದೆಯಾ, ನಿಮ್ಮ ಮನೆಯಲ್ಲಿ ಇದೆಯಾ ಅಂತ. ನಾನು ಫೋನಿನಲ್ಲಿ ಗಂಗಿಯ ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿದರು. "ಇದರ ಕರು?" ಅಂದರು. ಮುಂದಿನ ಫೋಟೋದಲ್ಲಿ ಕಪ್ಪು-ಬಿಳಿ ಮುಂಬೈ ಇತ್ತು. ನಾನು ಫೋನು ಜೇಬಿಗೆ ಹಾಕಿಕೊಂಡೆ.

ಆ ರಾತ್ರಿ ಹೋಟೆಲಿನಲ್ಲಿ ನಿದ್ದೆ ಬರಲಿಲ್ಲ, ಓದಿದೆ. 1854ರಿಂದ 1926ರವರೆಗೆ ಅಮೆರಿಕಕ್ಕೆ ಹೋದ ಡುಬ್ಬದ ದನ ಒಟ್ಟು 266 ಹೋರಿ, 22 ಆಕಳು. ಅಷ್ಟರಿಂದಲೇ ಅಲ್ಲಿನ ಆಕಳುಗಳ ಮೇಲೆ ತಲೆಮಾರು ತಲೆಮಾರು ಏರಿಸಿ ಒಂದು ತಳಿ ಕಟ್ಟಿದರು. ಟೆಕ್ಸಾಸ್‌ನ ಬಿಸಿಲಿಗೆ, ಉಣ್ಣೆ ಹುಳದ ಕಾಟಕ್ಕೆ ಯುರೋಪಿನ ದನ ತಡೀತಿರಲಿಲ್ಲ, ನಮ್ಮವು ತಡೀತಿದ್ದವು, ಕಾರಣ ಇಷ್ಟೇ. 1906ರಲ್ಲಿ ಎ. ಪಿ. ಬೋರ್ಡೆನ್ ಅನ್ನೋ ಟೆಕ್ಸಾಸ್ ರ‍್ಯಾಂಚಿನವರು ಸ್ವತಃ ಭಾರತಕ್ಕೆ ಬಂದು ದನ ಕೊಂಡು ಹಡಗು ಹತ್ತಿಸಿದರು. ಬಂದು ಇಳಿದದ್ದು ಇದೇ ಮುಂಬೈಗೆ. ನ್ಯೂಯಾರ್ಕ್ ಹತ್ತಿರ ಕ್ವಾರಂಟೈನ್‌ನಲ್ಲಿ ಸರ್ರಾ ಅನ್ನೋ ರಕ್ತದ ರೋಗ ಕಾಣಿಸಿಕೊಂಡು ಎಷ್ಟೋ ದನ ಹೋದವು. ಕೊನೆಗೆ ಟೆಕ್ಸಾಸ್ ಮುಟ್ಟಿದ್ದು 30 ಹೋರಿ, 3 ಆಕಳು.

ಇನ್ನೊಂದು ವಿಷಯ ಓದಿ ನಾನು ಎದ್ದು ಕೂತೆ. ಎನ್. ಆರ್. ಜೋಶಿ ಮತ್ತು ಆರ್. ಡಬ್ಲ್ಯು. ಫಿಲಿಪ್ಸ್ ಬರೆದ, 1953ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಪ್ರಕಟಿಸಿದ ಪುಸ್ತಕ ಇದೆ, ಭಾರತ-ಪಾಕಿಸ್ತಾನದ ದನಗಳ ಬಗ್ಗೆ. ಅದರ ಪ್ರಕಾರ ಈ ಕೃಷ್ಣಾ ತಳಿ ಅನಾದಿ ಕಾಲದ್ದಲ್ಲ. 19ನೇ ಶತಮಾನದ ಕೊನೆಯ ಎರಡು ದಶಕಗಳಲ್ಲಿ ದಕ್ಷಿಣ ಮರಾಠಾ ಸಂಸ್ಥಾನಿಕರು, ಮುಖ್ಯವಾಗಿ ಸಾಂಗ್ಲಿಯವರು, ಎರಿ ಮಣ್ಣಿಗೆ ತಕ್ಕ ಎತ್ತು ಬೇಕು ಅಂತ ಮಾಡಿಸಿದ್ದು. ಕಾಠಿಯಾವಾಡದ ಗಿರ್, ಆಂಧ್ರ ಕಡೆಯ ಓಂಗೋಲ್, ಬಹುಶಃ ಕಾಂಕ್ರೇಜ್, ನಮ್ಮ ಕಡೆಯ ಹಳ್ಳಿಕಾರ್ ರಕ್ತದ ದನ, ಎಲ್ಲ ಬೆರೆಸಿ. ನಮ್ಮ ಪಕ್ಕದ ತೇರದಾಳ ಸಾಂಗ್ಲಿ ಸಂಸ್ಥಾನಕ್ಕೇ ಸೇರಿತ್ತು.

ಅಂದರೆ ಮುತ್ಯಾನ "ಜವಾರಿ" ಶುದ್ಧ ಮಿಶ್ರತಳಿ! ನನಗೆ ಒಂದು ಕ್ಷಣ ಸಮಾಧಾನ ಆಯ್ತು. ರಾಜರು ಬೆರಕೆ ಮಾಡಿದರೆ ತಳಿ, ನಾನು ಮಾಡಿದರೆ ತಪ್ಪಾ ಅಂತ. ಆಮೇಲೆ ಆ ಸಮಾಧಾನ ಉಳಿಯಲಿಲ್ಲ. ಯಾಕೆ ಅಂತ ಹೇಳಬೇಕಾದರೆ ವಹಿಯ ಬಗ್ಗೆ ಹೇಳಬೇಕು.

ಕಿರಾಣಿ ಅಂಗಡಿಯವರು ಇಡುತ್ತಿದ್ದ ಕೆಂಪು ಬಟ್ಟೆಯ ಉದ್ದನೆ ವಹಿ. ಮುತ್ಯಾ ಹೋದ ಮೇಲೆ ಅವನ ಪೆಟ್ಟಿಗೆಯಲ್ಲಿ ಸಿಕ್ಕಿತ್ತು, ಯಾರೂ ಬಿಚ್ಚಿರಲಿಲ್ಲ. ಹ್ಯೂಸ್ಟನ್‌ನಿಂದ ಬಂದವನು ಊರಿಗೆ ಹೋಗಿ ಅದನ್ನ ತಗೊಂಡು ಬಂದೆ, ಶನಿವಾರ ಭಾನುವಾರ ಕೂತು ಓದಿದೆ. ಶುರುವಾಗೋದು 1952ರಲ್ಲಿ, ತೇರದಾಳದಿಂದ ತಂದ ಒಂದು ಆಕಳಿನಿಂದ. ಒಂದೊಂದು ಆಕಳಿಗೆ ಒಂದೊಂದು ಪುಟ. ಯಾವ ಹೋರಿ, ಯಾವ ತಿಥಿಗೆ ಈದದ್ದು, ಹೋರಿಗರುವೋ ಹೆಂಗರುವೋ, ಎಷ್ಟನೇ ಹಲ್ಲಿಗೆ ಮಾರಿದ್ದು, ಯಾರಿಗೆ, ಎಷ್ಟಕ್ಕೆ. ಮೂರನೇ ಇಯತ್ತೆಯ ಅಕ್ಷರ, ಒತ್ತಕ್ಷರ ಎಲ್ಲ ತಪ್ಪು. ಆದರೆ ಒಂದು ಪುಟವೂ ಬಿಟ್ಟಿಲ್ಲ. ನಾನು ಅದನ್ನ ಸ್ಪ್ರೆಡ್‌ಶೀಟಿಗೆ ಹಾಕಿದೆ, ಕೆಲಸದ ಚಾಳಿ. 1952ರ ಆ ಆಕಳಿನಿಂದ ಗಂಗಿಯವರೆಗೆ ತಾಯಿ-ಮಗಳು, ತಾಯಿ-ಮಗಳು ಅಂತ ಒಂಬತ್ತು ತಲೆಮಾರು ಎಲ್ಲೂ ತುಂಡಾಗದೆ ಬಂತು.

ನಡುವೆ ನಡುವೆ ಮನೆಯ ವಿಷಯವೂ ಇದೆ. ನಮ್ಮಪ್ಪನ ಸರ್ಕಾರಿ ಹುಟ್ಟಿದ ದಿನ ಜೂನ್ 1. ನಮ್ಮ ಕಡೆ ಅರ್ಧ ಜನ ಜೂನ್ ಒಂದಕ್ಕೇ ಹುಟ್ಟಿದವರು, ಸಾಲಿ ಮಾಸ್ತರ ಕೃಪೆ. ಅಪ್ಪನಿಗೆ ಅರವತ್ತಾದರೂ ನಿಜವಾದ ದಿನ ಗೊತ್ತಿರಲಿಲ್ಲ. ವಹಿಯಲ್ಲಿ 1958ರ ಒಂದು ಪುಟದಲ್ಲಿ, ಕವಲಿ ಅನ್ನೋ ಆಕಳು ಈದದ್ದರ ಕೆಳಗೆ ಒಂದು ಸಾಲು: ಇದೇ ದಿನ ಮನಿಯಾಗ ಗಂಡುಮಗು. ತಿಥಿ ಹಿಡಿದು ಲೆಕ್ಕ ಹಾಕಿದರೆ ನಾಗರಪಂಚಮಿಯ ಮರುದಿನ. ಫೋನ್ ಮಾಡಿ ಹೇಳಿದೆ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಕವಲಿ ಕರು ಹೋರಿನೋ ಹೆಣ್ಣೋ?" ಅಂತ ಕೇಳಿದರು. ದನದ ಹತ್ತಿರ ಹೋಗದ ಮನುಷ್ಯ!

1972ರ ಪುಟದಲ್ಲಿ ಬೋರಮಾಳ ಮಾರಿದ ಲೆಕ್ಕವೂ ಇದೆ. ಎಷ್ಟು ತೊಲಿ, ಎಷ್ಟು ರೂಪಾಯಿ, ಎಷ್ಟು ಗಾಡಿ ಕಣಿಕಿ. ಪಕ್ಕದಲ್ಲಿ ತಿರುಗಿ ಕೊಡಬೇಕು ಅಂತ ಬರೆದಿದ್ದಾನೆ. ಕೊಟ್ಟದ್ದು ಎಲ್ಲೂ ಬರೆದಿಲ್ಲ.

ಹೋರಿಗಳ ಪುಟ ನೋಡುವಾಗ ನನಗೆ ಇನ್ನೊಂದು ಅರ್ಥ ಆಯ್ತು. ಮೂರು-ನಾಲ್ಕು ವರ್ಷಕ್ಕೊಮ್ಮೆ ಹೋರಿ ಬದಲಾಗುತ್ತೆ. ನಮ್ಮದು ಬೇರೆ ಊರಿಗೆ ಹೋಗುತ್ತೆ, ಅವರದ್ದು ನಮ್ಮಲ್ಲಿಗೆ ಬರುತ್ತೆ. ಇಲ್ಲಾಂದರೆ ತಂದೆ-ಮಗಳು ಕೂಡೋ ಹಾಗೆ ಆಗಿ ತಳಿ ಕೆಡುತ್ತೆ. ಜಮಖಂಡಿ ಕಡೆ ಒಬ್ಬ, ರಾಯಬಾಗ ಕಡೆ ಇಬ್ಬರು, ಮಿರಜ್ ಹತ್ತಿರ ಒಬ್ಬ, ಹೀಗೆ ಹದಿನೈದು ಮನೆಗಳ ಹೆಸರು ತಿರುಗಿ ತಿರುಗಿ ಬರುತ್ತೆ. ತಳಿ ಮುತ್ಯಾನ ಕೊಟ್ಟಿಗೆಯಲ್ಲಿ ಇರಲಿಲ್ಲ, ಆ ಹದಿನೈದು ಕೊಟ್ಟಿಗೆಗಳ ನಡುವಿನ ಓಡಾಟದಲ್ಲಿತ್ತು. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ ಹದಿನೈದು ನೋಡ್‌ಗಳ ಮೇಲೆ ರೆಪ್ಲಿಕೇಟ್ ಆದ ಡೇಟಾ. 1985ರ ನಂತರ ಒಂದೊಂದೇ ಹೆಸರು ಬಿಟ್ಟು ಹೋಗ್ತಾ ಬರುತ್ತೆ. ಟ್ರ್ಯಾಕ್ಟರ್ ತಗೊಂಡ, ಮಗ ನೌಕರಿಗೆ ಹೋದ, ಹೊಲ ಮಾರಿದ. 2000ದ ಹೊತ್ತಿಗೆ ಎರಡೇ ಹೆಸರು. ಮುತ್ಯಾ ಹೊಸ ಹೋರಿ ಯಾಕೆ ತರಲಿಲ್ಲ ಅಂತ ಆಗ ಗೊತ್ತಾಯ್ತು. ಮನಸ್ಸಿಲ್ಲದೆ ಅಲ್ಲ. ತರೋದಕ್ಕೆ ಮನೆ ಉಳಿದಿರಲಿಲ್ಲ.

ಕೊನೆಯ ಪುಟ ಗಂಗಿಯದು. 2016ರ ಸಾಲಿನಲ್ಲಿ ಹೋರಿ ಅನ್ನೋ ಕಡೆ ಅವನು ಏನೂ ಬರೆದಿಲ್ಲ. ಖಾಲಿ. ಇಡೀ ವಹಿಯಲ್ಲಿ ಅದೊಂದೇ ಖಾಲಿ.

ಸಮಾಧಾನ ಉಳಿಯಲಿಲ್ಲ ಅಂದೆನಲ್ಲ, ಇದಕ್ಕೆ. ಬೆರಕೆ ತಪ್ಪಲ್ಲ. ಎಚ್‌ಎಫ್ ತಪ್ಪಲ್ಲ, ಮುಂಬೈನ ಹಾಲಿನ ದುಡ್ಡಿನಿಂದಲೇ ಕಾಕಾನ ಮಗಳ ಫೀಸು ಹೋಗ್ತಾ ಇದೆ, ಅತ್ತಿಗೆ ಸಿಗದ ಸಾಲಿ ಅವಳಿಗೆ ಸಿಕ್ಕಿದೆ. ಇದರ ಮುಂದೆ ನಿಂತು ದೇಶಿ ತಳಿ, ವಿದೇಶಿ ತಳಿ ಅಂತ ಭಾಷಣ ಮಾಡೋ ಧೈರ್ಯ ನನಗಿಲ್ಲ. ವಾಟ್ಸಾಪಿನಲ್ಲಿ ಹಾಗೆ ಭಾಷಣ ಮಾಡೋರಲ್ಲಿ ಎಷ್ಟು ಜನ ಸೆಗಣಿ ಬಳಿದಿದ್ದಾರೋ ಗೊತ್ತಿಲ್ಲ. ಆದರೆ ಮುತ್ಯಾ ಪ್ರತಿ ಸಲವೂ ಗೊರಸು ನೋಡಿ, ಸ್ವಭಾವ ನೋಡಿ, ಯಾಕೆ ಬೇಕು ಅಂತ ಯೋಚಿಸಿ ಆರಿಸಿದ್ದ. ನಾನು ಮ್ಯೂಟ್ ಬಟನ್ ಮೇಲೆ ಬೆರಳಿಟ್ಟುಕೊಂಡು ಆರಿಸಿದೆ. ಹೊಳೆಯ ಆಚೆ ಹೋರಿ ಇದೆ ಅಂತ ಕಾಕಾ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು.

2019ರ ಆಗಸ್ಟ್‌ನಲ್ಲಿ ಕೃಷ್ಣೆ ತುಂಬಿ ಬಂದಾಗ ನಮ್ಮ ಊರು ಖಾಲಿ ಮಾಡಿಸಿದರು. ಕಾಕಾ ಗಂಗಿ, ಮುಂಬೈ ಎರಡನ್ನೂ ಹೊಡೆದುಕೊಂಡು ಹೋಗಿ ಎತ್ತರದ ರಸ್ತೆ ಬದಿ ಕಟ್ಟಿ, ಒಂಬತ್ತು ದಿನ ಅಲ್ಲೇ ಮಲಗಿದ. ಎರಡೂ ಉಳಿದವು. ಗಂಗಿ ಮತ್ತೆ ಗರ್ಭ ಕಟ್ಟಲಿಲ್ಲ, 2021ರಲ್ಲಿ ವಯಸ್ಸಾಗಿ ಸತ್ತಿತು.

2022ರ ಮಳೆಗಾಲದಲ್ಲಿ ಮುಂಬೈ ಬೆದೆಗೆ ಬರೋ ದಿನದ ಲೆಕ್ಕ ನಾನೇ ಇಟ್ಟಿದ್ದೆ, ಕ್ಯಾಲೆಂಡರ್ ರಿಮೈಂಡರ್ ಹಾಕಿ. ಮೂರು ದಿನ ರಜೆ ಹಾಕಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹತ್ತಿ ಮಿರಜ್‌ನಲ್ಲಿ ಇಳಿದು, ಬಸ್ಸಿನಲ್ಲಿ ಅಥಣಿಗೆ ಹೋದೆ. ಮ್ಯಾನೇಜರ್‌ಗೆ ಫ್ಯಾಮಿಲಿ ಫಂಕ್ಷನ್ ಅಂತ ಹೇಳಿದ್ದೆ, ಸುಳ್ಳೇನಲ್ಲ. ವಹಿಯಲ್ಲಿ ಉಳಿದಿದ್ದ ಆ ಎರಡು ಹೆಸರಲ್ಲಿ ಒಂದು ಹೊಳೆ ಆಚೆಯ ಮನೆ. 1998ರಲ್ಲಿ ನಮ್ಮ ಹೋರಿ ಅವರಿಗೆ ಹೋಗಿತ್ತು. ಮೊಮ್ಮಗ ಈಗಲೂ ಒಂದು ಹೋರಿ ಇಟ್ಟಿದ್ದಾನೆ. ನಾನು ವಹಿಯ ಪುಟ ತೋರಿಸಿದಾಗ ಅವನಿಗೆ ತನ್ನ ಅಜ್ಜನ ಹೆಸರು ಓದಿ ಖುಷಿಯೋ ಖುಷಿ. ಟೆಂಪೋದಲ್ಲಿ ಮುಂಬೈಯನ್ನ ಒಯ್ದೆವು. ಕಾಕಾ ದಾರಿಯುದ್ದಕ್ಕೂ ಗೊಣಗಿದ: "ಹಾಲು ಕಮ್ಮಿ ಆಗ್ತೈತಿ ತಮ್ಮಾ, ಹೋರಿಗರು ಹುಟ್ಟಿದ್ರ ಏನ್ ಮಾಡೂದು, ಮನ್ಯಾಗ ಟ್ರ್ಯಾಕ್ಟರ್ ಐತಿ." ಎಲ್ಲವೂ ನಿಜ. ನನ್ನ ಹತ್ತಿರ ಉತ್ತರ ಇರಲಿಲ್ಲ. ಹೋರಿಯನ್ನ ಬಿಡೋ ಮೊದಲು ನಾನು ಅಂಗಳದ ಕೆಸರಿನಲ್ಲಿ ಅದನ್ನ ಎರಡು ಸಲ ನಡೆಸಿ ನೋಡಿದೆ. ನನಗೇನು ಗೊತ್ತಾಗುತ್ತೆ? ಆದರೂ ನೋಡಿದೆ.

2023ರ ಏಪ್ರಿಲ್‌ನಲ್ಲಿ ಕರು ಹುಟ್ಟಿತು. ಹೋರಿಗರುವೇ. ಕಾಕಾ ಹೇಳಿದ್ದು ಖರೇ ಆಯ್ತು. ಬೂದು ಬಣ್ಣ, ಹಣೆಯ ಮೇಲೆ ಒಂದು ಕಪ್ಪು ಮಚ್ಚೆ, ತಾಯಿಯದು. ಹೆಗಲ ಮೇಲೆ ಡುಬ್ಬ ಇದೆ, ಸಣ್ಣದು, ಕೈ ಇಟ್ಟರೆ ಗೊತ್ತಾಗುತ್ತೆ. ವಹಿಯಲ್ಲಿ ಗಂಗಿಯ ಮುಂದಿನ ಪುಟ ತೆಗೆದು ಮುಂಬೈ ಅಂತ ಹೆಸರು ಬರೆದು, ಹೋರಿ ಅನ್ನೋ ಕಡೆ ಆ ಮನೆಯವರ ಹೆಸರು ಬರೆದೆ. ಬಾಲ್‌ಪೆನ್ನಿನಲ್ಲಿ. ಹಿಂದಿನ ಪುಟದ ಖಾಲಿ ಜಾಗ ಹಾಗೇ ಬಿಟ್ಟಿದ್ದೇನೆ.

ಮೊನ್ನೆ ಮಂಗಳವಾರ ಕಾಕಾ ಫೋನ್ ಮಾಡಿದ್ದ. ಹೋರಿ ಎರಡು ಹಲ್ಲು ಹಾಕಿದೆ. ಕಬ್ಬಿನ ಗಾಡಿಯವನೊಬ್ಬ ಬಂದು ಒಳ್ಳೆ ರೇಟು ಹೇಳಿದ್ದಾನೆ, ಬೀಜ ಒಡೆಸಿ ಎತ್ತು ಮಾಡ್ತಾನಂತೆ. "ಕೊಡೂಣೋ, ಇಟ್ಕೊಳ್ಳೂಣೋ?" ಅಂತ ಕೇಳಿದ. ನಾನು ಸ್ಟ್ಯಾಂಡಪ್ ಮೀಟಿಂಗ್‌ನಲ್ಲಿದ್ದೆ. ಫೋನಿನಲ್ಲಿ ಹೇಳಲ್ಲ ಕಾಕಾ, ಬರ್ತೀನಿ ಅಂದೆ. ಶುಕ್ರವಾರ ರಾತ್ರಿ ಟಿಕೆಟ್ ಆಗಿದೆ, ವೇಟಿಂಗ್ ಲಿಸ್ಟ್ 11. ಇಲ್ಲಿ ಯಾರಿಗಾದರೂ ರೈಲ್ವೆಯಲ್ಲಿ ಪರಿಚಯ ಇದ್ದರೆ ಆಮೇಲೆ ಸಿಗಿ.